ಏರುದನಿಯ ಸ್ನಾಯು

ನನ್ನ ಸ್ವರ ಹೋಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನೇ ಹೇಳಿ ಹೇಳಿ ನನಗೆ ಸಾಕಾಗಿದೆ. ಮಾತಾಡಬಲ್ಲೆ, ಪಾಠ ಮಾಡಬಲ್ಲೆ, ಪಕ್ಕದಲ್ಲಿದ್ದವರಿಗೆ ಕೇಳುವಷ್ಟು ನಗಬಲ್ಲೆ. ಹೋದದ್ದು ಸ್ವರದ ಏರು ಮಾತ್ರ. ನನ್ನ ಮಾತು ಯಾವ ಎತ್ತರದಲ್ಲಿ ಹೊರಡುತ್ತದೋ ಅದೇ ಎತ್ತರದಲ್ಲಿ ನಡೆದು ಅಲ್ಲಿಯೇ ಮುಗಿಯುತ್ತದೆ. ದೂರದವರನ್ನು ಕೂಗಿ ಕರೆಯಲಾರೆ. ಮನೆಗೆ ಬಂದವರಿಗೆ "ಅರೆ, ಬಂದಿರಾ!" ಎಂದರೆ ಅದು "ಚಪ್ಪಲಿ ಹೊರಗಿಡಿ" ಎಂದ ಹಾಗೆ ಕೇಳುತ್ತದೆ. ಹಾಡಲಾಗದ್ದು ಇರಲಿ, ಹಾಡದೆ ಎಷ್ಟೋ ಜನ ಸುಖವಾಗಿದ್ದಾರೆ. ನನಗಿದ್ದ ಹೆದರಿಕೆ ಬೇರೆ. ಕುತ್ತಿಗೆಯ ಆಪರೇಷನ್ ಆದ ಮೇಲೆ ಹುಟ್ಟಿದ ನನ್ನ ಮಗಳು ನನ್ನ ಹಳೆಯ ದನಿಯನ್ನು ಕೇಳಿದವಳೇ ಅಲ್ಲ. ಈ ಒಂದೇ ಮಟ್ಟದ ದನಿ ಕೇಳಿ ಬೆಳೆದ ಹುಡುಗಿ, ತನ್ನನ್ನು ಕಂಡು ಅಮ್ಮನಿಗೆ ಒಂದು ದಿನವೂ ಖುಷಿಯಾಗಲಿಲ್ಲ ಎಂದು ತಿಳಿದುಕೊಂಡೇ ದೊಡ್ಡವಳಾದರೆ? ವರ್ಷಗಟ್ಟಲೆ ನನ್ನನ್ನು ತಿಂದದ್ದು ಈ ಒಂದು ಯೋಚನೆ.

ಅದು ಎಪ್ಪತ್ತರ ದಶಕದ ಕೊನೆ. ಮಂಗಳೂರಿನ ಕುಲಶೇಖರದ ಮನೆಯಲ್ಲಿ ನಾವು ಮೂವರು: ನಾನು, ನನ್ನ ಗಂಡ, ನನ್ನ ಅಮ್ಮ. ಮಗಳ ಜೊತೆ ತಾಯಿ ಇರುವುದು ನಮ್ಮ ತುಳುವರಲ್ಲಿ ವಿಶೇಷವೇನಲ್ಲ. ಸರಿಯಾಗಿ ಹೇಳಬೇಕೆಂದರೆ ಅದು ಅಮ್ಮನ ಮನೆ, ನಾವಿಬ್ಬರೇ ಅವಳ ಜೊತೆಗಿದ್ದದ್ದು. ಗಂಡ ಪಣಂಬೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದರು. ನಾನು ಹುಡುಗಿಯರ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್. ನಮ್ಮ ಹುಡುಗಿಯರು ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವವರು. ಕನ್ನಡ ಅವರ ಪಾಲಿಗೆ ಬೆಂಚಿನ ಮೇಲೆ ಕುಳಿತಾಗ ಮಾತ್ರ ಆಡುವ ಭಾಷೆ. ಹಳೆಯ ಪದ್ಯವನ್ನು ಓದಿ ಅರ್ಥ ಹೇಳಿದರೆ ಆಕಳಿಸುತ್ತಿದ್ದರು. ರಾಗವಾಗಿ ಹೇಳಿದರೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಹಾಗಾಗಿ ನಾನು ಹಾಡುತ್ತಿದ್ದೆ. ಸಂಗೀತ ಕಲಿತವಳಲ್ಲ, ಆದರೆ ನನ್ನ ದನಿ ಪಕ್ಕದ ಲೆಕ್ಕದ ಕ್ಲಾಸಿಗೂ ಕೇಳುತ್ತಿತ್ತು, ಅದರ ಬಗ್ಗೆ ದೂರೂ ಬರುತ್ತಿತ್ತು, ಆ ದೂರಿನಿಂದ ನನಗೆ ಸಂತೋಷವೂ ಆಗುತ್ತಿತ್ತು.

ಮದುವೆಯಾದ ಮೇಲೆ ನನ್ನ ಕುತ್ತಿಗೆ ತುಂಬಿಕೊಂಡಿತು. ಅಮ್ಮ ಅದನ್ನು ನೆಂಟರ ಮುಂದೆ ಹೆಮ್ಮೆಯಿಂದ ಹೇಳಿದಳು, ಹುಡುಗಿ ಮೈ ತುಂಬಿಕೊಂಡಿದ್ದಾಳೆ, ಅಳಿಯ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾನೆ ಎಂದು. ಕರಿಮಣಿ ಸರ ನೆಟ್ಟಗೆ ಬೀಳದೆ ಒಂದು ಬದಿಗೆ ಜಾರತೊಡಗಿದಾಗ ನನಗೆ ಸಂಶಯ ಬಂತು. ಅಳಿಯನ ಆರೈಕೆ ಕುತ್ತಿಗೆಯ ಬಲಬದಿಗೆ ಮಾತ್ರ ತಾಗುವುದುಂಟೇ? ಕನ್ನಡಿಯ ಮುಂದೆ ನಿಂತು ಉಗುಳು ನುಂಗಿದರೆ ನಿಂಬೆಹಣ್ಣಿನ ಗಾತ್ರದ್ದೊಂದು ಮೇಲೆ ಹೋಗಿ ಕೆಳಗೆ ಬಂತು. ಥೈರಾಯ್ಡ್ ಗಂಟು, ಎಡಕ್ಕೂ ಹಬ್ಬಿದೆ, ಎರಡೂ ಬದಿ ತೆಗೆಯಬೇಕು ಎಂದರು ಅತ್ತಾವರದ ಕಡೆಯ ಆಸ್ಪತ್ರೆಯೊಂದರ ಸರ್ಜನ್. ಮಿತಭಾಷಿ, ಹೆಸರು ಮಾಡಿದವರು.

"ಸ್ವರಕ್ಕೆ ಎಂತದೂ ಆಗುದಿಲ್ಲ ಅಲ್ವಾ ಡಾಕ್ಟ್ರೇ?" ಎಂದು ಕೇಳಿದೆ. "ನಾನು ಟೀಚರ್."

"ಸ್ವರದ ನರ ನೋಡಿಕೊಂಡೇ ಮಾಡುದು ನಾವು" ಎಂದರು.

ನೋಡಿಕೊಂಡೇ ಮಾಡಿದರು. ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಎಚ್ಚರವಾದಾಗ ಹೆಸರು ಹೇಳಿ ಎಂದರು, ಹೇಳಿದೆ. ದನಿ ಬಂತು. ಬಾಗಿಲ ಬಳಿ ನಿಂತಿದ್ದ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸರ್ಜನ್ ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋದರು. ಸ್ವರಕ್ಕೆ ಒಂದಲ್ಲ ಎರಡು ನರ ಇರುತ್ತವೆ ಎಂಬ ವಿಷಯ ಆ ಹೊತ್ತಿನಲ್ಲಿ ಅಲ್ಲಿದ್ದ ಯಾರ ಮನಸ್ಸಿನಲ್ಲೂ ಇರಲಿಲ್ಲವೆಂದು ಕಾಣುತ್ತದೆ.

ನನಗೆ ಗೊತ್ತಾದದ್ದು ಬಸ್ಸಿನಲ್ಲಿ. ರಜೆ ಮುಗಿಸಿ ಶಾಲೆಗೆ ಹೊರಟ ದಿನ ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ಯಾರೊಡನೆಯೋ ಹರಟುತ್ತಿದ್ದ, ನನ್ನ ಸ್ಟಾಪ್ ಬಂತು, ನಾನು ಎದ್ದು "ಹೋಲ್ಡಾನ್!" ಎಂದೆ. ಮಂಗಳೂರಿನ ಬಸ್ಸಿನಲ್ಲಿ ಹುಟ್ಟಿ ಬೆಳೆದವರಿಗೆ ಬಸ್ಸು ನಿಲ್ಲಿಸುವ ಈ ಕೂಗು ಯೋಚಿಸದೆ ಬರುತ್ತದೆ. ಕೂಗಿದ್ದೇನೆ ಎಂದೇ ಅಂದುಕೊಂಡಿದ್ದೆ. ಆದರೆ ಬಾಯಿಂದ ಹೊರಗೆ ಬಂದದ್ದು ಕೂಗಲ್ಲ, ಒಂದು ಹೇಳಿಕೆ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು, ಅಷ್ಟೇ. ಬಸ್ಸು ನಿಲ್ಲಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಲ್ಲಿ ಹಿಂದಕ್ಕೆ ನಡೆದೆ. ದಾರಿಯುದ್ದಕ್ಕೂ ಮೆಲ್ಲಗೆ ಹೋಲ್ಡಾನ್, ಹೋಲ್ಡಾನ್ ಎಂದು ಹೇಳಿ ನೋಡುತ್ತಾ ನಡೆದೆ. ಮೇಲೆ ಹತ್ತಲೇ ಇಲ್ಲ. ಮೆಟ್ಟಿಲು ಇದೆ ಎಂದು ಕತ್ತಲಲ್ಲಿ ಕಾಲೆತ್ತಿ ಇಟ್ಟರೆ ನೆಲವೇ ಸಿಕ್ಕ ಹಾಗೆ.

ಅಲ್ಲಿಂದ ಶುರುವಾಯಿತು ಸುಸ್ತು. ಬೆಳಗಿನ ಮೊದಲ ಪೀರಿಯಡ್ ಹೇಗೋ ಆಗುತ್ತಿತ್ತು. ಎರಡನೆಯದರಲ್ಲಿ ಗಂಟಲೊಳಗೆ ಒದ್ದೆ ಬಟ್ಟೆ ಇಟ್ಟ ಹಾಗೆ. ಮಧ್ಯಾಹ್ನದ ಮೇಲೆ ನಾನು ಹೇಳುವುದು ಮೂರನೆಯ ಬೆಂಚಿನವರೆಗೆ ಹೋದರೆ ಹೆಚ್ಚು. ಪದ್ಯ ಹಾಡುವ ಮಾತೇ ಇಲ್ಲ. ಒಂದೆರಡು ವಾರ ಹುಡುಗಿಯರು ಕಾದರು, ಆಮೇಲೆ ರೇಡಿಯೋ ವಾರ್ತೆಯ ಹೆಸರನ್ನೇ ನನಗಿಟ್ಟರು: ಪ್ರದೇಶ ಸಮಾಚಾರ. ಮಳೆಯಾಗಿದೆ, ಮಂತ್ರಿಗಳು ಬಂದಿದ್ದರು, ಅಪಘಾತದಲ್ಲಿ ಇಬ್ಬರು ಸತ್ತರು, ಎಲ್ಲವೂ ಒಂದೇ ದನಿ. ಹೆಸರು ಸರಿಯಾಗಿಯೇ ಇತ್ತು, ನಾನು ಬೈಯಲಿಲ್ಲ. ಬೈದಿದ್ದರೂ ಅದು ಸಮಾಚಾರದ ಹಾಗೆಯೇ ಕೇಳುತ್ತಿತ್ತು.

ಮತ್ತೆ ಆಸ್ಪತ್ರೆಗೆ ಹೋದೆ. ಹಣೆಗೆ ಕನ್ನಡಿ ಕಟ್ಟಿಕೊಂಡ ಗಂಟಲಿನ ಡಾಕ್ಟರು ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, ಇನ್ನೊಂದು ಸಣ್ಣ ಕನ್ನಡಿ ಒಳಗಿಟ್ಟು, ಆ ಅನ್ನಿ, ಈ ಅನ್ನಿ ಎಂದರು. ನಾಲಿಗೆ ಅವರ ಕೈಯಲ್ಲಿರುವಾಗ ಏನು ಅನ್ನುವುದು? ಆದರೂ ಅಂದೆ.

"ಎರಡೂ ಸ್ವರತಂತು ಚೆಂದ ಅಲುಗಾಡ್ತಾ ಉಂಟು" ಎಂದರು. "ಎಂತದೂ ಇಲ್ಲ. ಸ್ವರ ಉಂಟಲ್ಲ ನಿಮಗೆ?"

"ಏರುದಿಲ್ಲ ಡಾಕ್ಟ್ರೇ."

"ಆಪರೇಷನ್ ಆದ ಹೆದರಿಕೆ. ಮನಸ್ಸಿಗೆ ಧೈರ್ಯ ತಗೊಳ್ಳಿ."

ಧೈರ್ಯವೇನೋ ಇತ್ತು. ಇಲ್ಲದ್ದು ಅದಲ್ಲ ಎಂದು ಅವರಿಗೆ ಹೇಳುವಷ್ಟು ಶಕ್ತಿ ಇರಲಿಲ್ಲ. ಇದು ಬಹಳ ದಣಿಸುವ ಕಾಯಿಲೆ. ಕೈ ಮುರಿದರೆ ಕಟ್ಟು ಕಾಣುತ್ತದೆ, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ. ನನಗೆ ಏನಾಗಿದೆ ಎಂದು ಹೇಳಲು ಬಾಯಿ ತೆರೆದರೆ ಸಾಕು, "ಮಾತಾಡ್ತೀರಲ್ಲ!" ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಜ್ಯೇಷ್ಠಮಧು, ಕರಿಮೆಣಸಿನ ಕಷಾಯ, ಬಿಸಿನೀರಿಗೆ ಉಪ್ಪು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಶುಂಠಿ ಎಂದು ಸಲಹೆಗಳು ಬಂದವು. ಎಲ್ಲವನ್ನೂ ಕುಡಿದೆ. ಹೊಟ್ಟೆ ಉರಿಯತೊಡಗಿತು, ಸ್ವರ ಇದ್ದಲ್ಲೇ ಇತ್ತು.

ಗಂಡನಿಗೆ ಮೊದಮೊದಲು ನಾನು ಯಾವಾಗಲೂ ಸಿಟ್ಟಲ್ಲಿರುವ ಹಾಗೆ ಕಾಣುತ್ತಿತ್ತು. "ಎಂತ ಸಿಟ್ಟು?" ಎನ್ನುವರು. "ಸಿಟ್ಟಿಲ್ಲ" ಎನ್ನುವೆ. ಆ ಸಿಟ್ಟಿಲ್ಲ ಎಂಬುದು ಎಷ್ಟು ಬಿಗಿಯಾಗಿ ಕೇಳುತ್ತಿತ್ತೆಂದರೆ ಅವರು ಚಾ ಲೋಟ ಎತ್ತಿಕೊಂಡು ಜಗಲಿಗೆ ಹೋಗಿ ಕೂರುತ್ತಿದ್ದರು. ಕ್ರಮೇಣ ಅಭ್ಯಾಸವಾಯಿತು. ದಿನವಿಡೀ ಯಂತ್ರಗಳ ಸದ್ದಿನಲ್ಲಿರುವ ಮನುಷ್ಯ. "ನನಗೆ ಹೀಗೇ ಒಳ್ಳೇದು ಮಾರಾಯ್ತಿ, ತಲೆಗೆ ತಂಪು" ಎಂದರು ಒಮ್ಮೆ, ಸಮಾಧಾನಕ್ಕೆಂದೇ. ನನಗೆ ಅಳು ಬಂತು. ಅಳುವಾಗ ಕೂಡ ದನಿ ಏರಲಿಲ್ಲ, ಆದ್ದರಿಂದ ಅವರಿಗೆ ಗೊತ್ತಾಗಲಿಲ್ಲ.

ಅಮ್ಮ ಸುಮ್ಮನೆ ಕೂರುವ ಜಾತಿಯವಳಲ್ಲ. ಜೋಯಿಸರೊಬ್ಬರಲ್ಲಿಗೆ ಹೋಗಿ ಪ್ರಶ್ನೆ ಇಡಿಸಿದಳು. ನಾಲಿಗೆಯಿಂದ ಆದ ದೋಷ ಎಂದು ಕಂಡಿತಂತೆ. ಅಮ್ಮನಿಗೆ ಕೂಡಲೇ ನೆನಪಾಯಿತು, ನಾನು ಚಿಕ್ಕವಳಿದ್ದಾಗ ಕುಟುಂಬದ ಭೂತಕೋಲದಲ್ಲಿ ದೈವ ನುಡಿ ಕೊಡುತ್ತಿರುವಾಗ ನಕ್ಕಿದ್ದೆನಂತೆ. ಅವತ್ತು ನನ್ನ ಜೊತೆ ಕಿಸಕ್ಕೆಂದು ನಕ್ಕ ಬೇರೆ ಮಕ್ಕಳೆಲ್ಲ ಈಗ ಬೊಂಬಾಯಿಯಲ್ಲೂ ಗಲ್ಫಿನಲ್ಲೂ ಗಟ್ಟಿ ದನಿಯಲ್ಲೇ ಇದ್ದಾರೆ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಬೆಳ್ಳಿಯದು ಒಪ್ಪಿಸಬೇಕು ಎಂದು ನನ್ನನ್ನು ಎಳೆದುಕೊಂಡು ರಥಬೀದಿಯ ಕಡೆ ಹೊರಟಳು.

ಹರಕೆಯ ಬೆಳ್ಳಿ ಸಾಮಾನು ಮಾರುವ ಅಂಗಡಿಯಲ್ಲಿ ಒಂದು ತಟ್ಟೆ ಇರುತ್ತದೆ, ಅದರಲ್ಲಿ ಮನುಷ್ಯ ಬಿಡಿಬಿಡಿಯಾಗಿ ಸಿಗುತ್ತಾನೆ. ಕಣ್ಣಿನ ಜೋಡಿ, ಕೈ, ಕಾಲು, ತೊಟ್ಟಿಲು, ನಾಲಿಗೆ. ಅಮ್ಮ ಅದನ್ನೆಲ್ಲ ಬೆರಳಲ್ಲಿ ಅತ್ತಿತ್ತ ಸರಿಸಿ, "ಗಂಟಲು ಇಲ್ಲವಾ?" ಎಂದು ಕೇಳಿದಳು.

"ಗಂಟಲು ಯಾರೂ ಕೇಳುದಿಲ್ಲ ಅಮ್ಮಾ" ಎಂದ ಅಂಗಡಿಯವ. "ನಾಲಿಗೆ ತಗೊಳ್ಳಿ. ಹತ್ತಿರದ್ದೇ ಅಲ್ವಾ?"

ಅಮ್ಮ ಇದನ್ನು ಬಹಳ ಹೊತ್ತು ಯೋಚಿಸಿದಳು. ತರಕಾರಿ ಮಾರ್ಕೆಟಿನಲ್ಲಿ ಬಸಳೆ ಇಲ್ಲವಾದರೆ ಹರಿವೆ ತೆಗೆದುಕೊಳ್ಳುವ ಮುಖ ಅದು. ಕೊನೆಗೆ ನಾಲಿಗೆಯನ್ನೇ ಕೊಂಡು ಒಪ್ಪಿಸಿದ್ದಾಯಿತು. ದೇವಸ್ಥಾನದಿಂದ ಹೊರಗೆ ಬಂದವಳೇ, ಚಪ್ಪಲಿ ಹಾಕುವ ಮೊದಲು, "ಈಗ ಒಮ್ಮೆ ಕೂಗಿ ನೋಡು ಮಗಾ" ಎಂದಳು. ಹೂವಿನವಳು, ಭಟ್ಟರ ಹುಡುಗರು, ಸಾಲಾಗಿ ನಿಂತ ರಿಕ್ಷಾದವರು ಎಲ್ಲ ಇದ್ದರು. ಅವಳ ಮುಖ ನೋಡಿ ಇಲ್ಲವೆನ್ನಲು ಆಗಲಿಲ್ಲ. "ಅಮ್ಮಾ" ಎಂದು ಕೂಗಿದೆ. ಕರೆದ ಹಾಗೆ ಆಗಲಿಲ್ಲ, ಓದಿದ ಹಾಗಾಯಿತು. ಅವಳು ಚಪ್ಪಲಿ ಮೆಟ್ಟಿಕೊಂಡು, "ಸ್ವಲ್ಪ ದೊಡ್ಡ ನಾಲಿಗೆ ಕೊಡಬೇಕಿತ್ತು" ಎಂದಳು.

ಮರುವರ್ಷ ಮಗಳು ಹುಟ್ಟಿದಳು. ಆಸ್ಪತ್ರೆಯ ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಾಗ ನಾನಾಡಿದ ಮೊದಲ ಮಾತು ಯಾವುದೆಂದು ಮರೆತಿದ್ದೇನೆ, ಆದರೆ ಅದರ ದನಿ ನೆನಪಿದೆ. ಪಕ್ಕದ ಮಂಚದ ಬಾಣಂತಿ ನರ್ಸಿನ ಹತ್ತಿರ, ಆ ಟೀಚರಿಗೆ ಗಂಡು ಬೇಕಿತ್ತೋ ಏನೋ, ಎಂದು ಪಿಸುಗುಟ್ಟಿದ್ದು ನನಗೆ ಕೇಳಿತು. ನನ್ನ ಹೆದರಿಕೆ ಹುಟ್ಟಿದ್ದು ಆಗಲೇ. ಮಗುವನ್ನು ತೊಟ್ಟಿಲಿಗೆ ಹಾಕಿ ತೂಗುವಾಗ ಹೆಂಗಸರು ಎಂಥೆಂಥ ದನಿ ತೆಗೆಯುತ್ತಾರೆ, ಎಷ್ಟು ಮೇಲೆ ಹೋಗಿ ಎಷ್ಟು ಕೆಳಗೆ ಇಳಿಯುತ್ತಾರೆ, ನೀವೂ ಕೇಳಿರುತ್ತೀರಿ. ನನ್ನ ಮಗಳಿಗೆ ಅದನ್ನು ಕೊಟ್ಟದ್ದು ಅಮ್ಮ. ನಾನೇ ಹೇಳಿದ್ದೆ, ನನ್ನ ಪಾಲಿನದನ್ನೂ ನೀನೇ ಮಾಡು, ಅವಳು ನಗುವಾಗಲೆಲ್ಲ ಜೋರಾಗಿ ಏನಾದರೂ ಹೇಳು ಎಂದು. ಅಮ್ಮನಿಗೆ ಅಷ್ಟು ಹೇಳಿದರೆ ಸಾಲದೇ? ಮನೆ ಎದ್ದು ಹೋಗುವ ಹಾಗೆ ಮುದ್ದು ಮಾಡಿದಳು. ಮಗು ಅಂಬೆಗಾಲಿಟ್ಟು ಅವಳ ಕಡೆಗೇ ಹೋಗುತ್ತಿತ್ತು. ನಾನೇ ಏರ್ಪಾಡು ಮಾಡಿದ ಸಂಗತಿ, ಆದರೂ ಹೊಟ್ಟೆಕಿಚ್ಚಾಗುತ್ತಿತ್ತು.

ಮಗಳಿಗೆ ಮಾತು ಬರತೊಡಗಿದ ಕಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ನನ್ನ ದನಿ ಹೋದ ವರ್ಷ ಕ್ಲಾಸಿನಲ್ಲಿ ನನ್ನ ಬದಲಿಗೆ ಪದ್ಯ ಹಾಡುತ್ತಿದ್ದವಳು ಅವಳೇ. ಈಗ ಮೆಡಿಕಲ್ ಕಾಲೇಜಿನಲ್ಲಿ ಮೊದಲ ವರ್ಷ, ಅತ್ತಾವರದ ಹಾಸ್ಟೆಲಿನಲ್ಲಿದ್ದಳು. ಹೆಣ ಕೆಡದಂತೆ ಇಡುವ ಔಷಧದ ವಾಸನೆ ಅವಳ ಮೈಗೆ ಹತ್ತಿತ್ತು. ಎಷ್ಟು ಸೋಪು ಹಾಕಿದರೂ ಹೋಗುವುದಿಲ್ಲ ಟೀಚರ್, ಎಂದು ದೂರ ಕೂತಳು. ಅಮ್ಮ ಕೊಟ್ಟ ಚಾ ಕುಡಿದು, ಸುತ್ತಿ ಬಳಸಿ ಏನೇನೋ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದಳು.

"ಟೀಚರ್, ನಾವು ಈಗ ಡಿಸೆಕ್ಷನ್‌ನಲ್ಲಿ ಕುತ್ತಿಗೆ ಮಾಡ್ತಾ ಇದ್ದೇವೆ. ಒಂದು ಸಣ್ಣ ಮಸಲ್ ಉಂಟು. ಅದನ್ನು ಬಿಡಿಸುವಾಗ ನಿಮ್ಮ ನೆನಪಾಯ್ತು. ನಿಮ್ಮ ಕುತ್ತಿಗೆ ಒಮ್ಮೆ ಮುಟ್ಟಲಾ?"

ಮೊದಲು ತನ್ನದನ್ನೇ ತೋರಿಸಿದಳು. ಗಂಟಲಿನ ನಡುವೆ ಗಂಡಸರಿಗೆ ಎದ್ದು ಕಾಣುವ ಗಟ್ಟಿ ಭಾಗವಿದೆಯಲ್ಲ, ಅದು ಗುರಾಣಿಯ ಆಕಾರದ ಮೆದು ಎಲುಬು. ಅದರ ಕೆಳಗೆ ಉಂಗುರದ ಹಾಗಿನ ಇನ್ನೊಂದು. ಎರಡರ ನಡುವೆ ಬೆರಳ ತುದಿ ಕೂರುವಷ್ಟು ಸಂದು. ಆ ಸಂದಿನ ಎಡಬಲಗಳಲ್ಲಿ, ಉಂಗುರದಿಂದ ಗುರಾಣಿಗೆ ಬೀಸಣಿಗೆಯ ಹಾಗೆ ಹರಡಿಕೊಂಡು, ಉಗುರಿನಷ್ಟಗಲದ ಒಂದೊಂದು ಸ್ನಾಯು. ಕ್ರೈಕೋಥೈರಾಯ್ಡ್ ಎಂದಳು. ಅದು ಬಿಗಿದಾಗ ಗುರಾಣಿಯೂ ಉಂಗುರವೂ ಮುಂಬದಿಯಲ್ಲಿ ಹತ್ತಿರವಾಗುತ್ತವೆ. ಮುಂದೆ ಹತ್ತಿರವಾದರೆ ಒಳಗೆ ಹಿಂದಕ್ಕೂ ಮುಂದಕ್ಕೂ ಕಟ್ಟಿದ ಸ್ವರತಂತು ಜಗ್ಗುತ್ತದೆ, ಬಟ್ಟೆ ಒಣಗಿಸುವ ಹಗ್ಗವನ್ನು ಎಳೆದು ಕಟ್ಟಿದ ಹಾಗೆ. ತಂತು ಬಿಗಿಯಾದರೆ ದನಿ ಏರುತ್ತದೆ. ಸ್ವರಪೆಟ್ಟಿಗೆಯ ಉಳಿದ ಎಲ್ಲ ಸ್ನಾಯುಗಳಿಗೂ ಕೆಳಗಿನಿಂದ ಬರುವ ಒಂದೇ ನರ. ಸರ್ಜನ್‌ಗಳು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಅದನ್ನು. ಇದೊಂದಕ್ಕೆ ಮಾತ್ರ ಮೇಲಿನಿಂದ ಬೇರೆ ನರ ಬರುತ್ತದೆ, ನೂಲಿನ ಎಳೆಯಂಥದು, ಥೈರಾಯ್ಡಿಗೆ ರಕ್ತ ತರುವ ನಾಳದ ಮಗ್ಗುಲಲ್ಲೇ ಇಳಿಯುತ್ತದೆ. ಗಂಟು ತೆಗೆಯುವಾಗ ಎರಡೂ ಬದಿಯಲ್ಲಿ ಆ ನಾಳವನ್ನು ಕಟ್ಟಲೇಬೇಕು. ಕಟ್ಟುವ ದಾರದೊಳಗೆ ಈ ಎಳೆಯೂ ಸಿಕ್ಕಿಕೊಂಡರೆ ಮಾತು ಉಳಿಯುತ್ತದೆ, ತಂತುಗಳು ಅಲುಗಾಡುತ್ತವೆ, ಕನ್ನಡಿಯಲ್ಲಿ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಏರು ಹೋಗುತ್ತದೆ. ಬೇಗ ದಣಿವಾಗುತ್ತದೆ.

ನನ್ನ ಬೆರಳನ್ನು ಹಿಡಿದು ತನ್ನ ಗಂಟಲಿನ ಸಂದಿನಲ್ಲಿಟ್ಟು, ಹಿಂದೆ ಕ್ಲಾಸಿನಲ್ಲಿ ಹೇಳುತ್ತಿದ್ದ ಪದ್ಯದ ಒಂದು ಸಾಲು ಎತ್ತಿದಳು. ಸ್ವರ ಮೇಲೆ ಹೋದ ಕೂಡಲೇ ನನ್ನ ಬೆರಳಡಿಯ ಸಂದು ಮುಚ್ಚಿಕೊಂಡಿತು. ಇಳಿದಾಗ ತೆರೆಯಿತು. ಎಷ್ಟು ಸಲೀಸು! ಆಮೇಲೆ ಅದೇ ಬೆರಳನ್ನು ನನ್ನ ಗಂಟಲಿಗಿಟ್ಟು, ಏರಿಸಿ ನೋಡಿ ಟೀಚರ್, ಎಂದಳು. ಪ್ರಯತ್ನ ಮಾಡಿದೆ. ಕುತ್ತಿಗೆಯ ನರಗಳೆಲ್ಲ ಉಬ್ಬಿದವು, ಭುಜ ಮೇಲೆದ್ದಿತು, ಆ ಸಂದು ಮಾತ್ರ ಬಾಯಿ ತೆರೆದುಕೊಂಡೇ ಇತ್ತು. ಅಷ್ಟರಲ್ಲಿ ಮಗಳು ಬಂದು ಅವಳ ಮಡಿಲೇರಿದಳು. ಮೆಡಿಕಲ್ ಹುಡುಗಿ ಅವಳಿಗೆ ಕಚಗುಳಿ ಇಟ್ಟು ಕಿರುಚಿಸಿ, ಆ ಪುಟ್ಟ ಗಂಟಲನ್ನೂ ಮುಟ್ಟಿ ನೋಡಿದಳು.

"ಇವಳದ್ದು ಫಸ್ಟ್ ಕ್ಲಾಸ್ ಉಂಟು ಟೀಚರ್."

"ನನ್ನದು ಸರಿಯಾಗ್ತದಾ?"

"ನರ ಬರೀ ಜಗ್ಗಿದ್ದಾಗಿದ್ರೆ ಕೆಲವು ತಿಂಗಳಲ್ಲೇ ಸರಿಯಾಗ್ತಿತ್ತು..." ಎಂದು ಅವಳು ಮಗುವಿನ ರಿಬ್ಬನ್ ಕಟ್ಟತೊಡಗಿದಳು.

ಅವಳು ಹೋದ ಮೇಲೆ ನಾನು ಜಗಲಿಯಲ್ಲಿ ಬಹಳ ಹೊತ್ತು ಕೂತಿದ್ದೆ. ಮೊದಲು ಬಂದದ್ದು ಸಮಾಧಾನ: ನನ್ನದು ಹೆದರಿಕೆಯೂ ಅಲ್ಲ, ಹುಚ್ಚೂ ಅಲ್ಲ, ಗರ್ವವೂ ಅಲ್ಲ, ಇಂಥ ಕಡೆ ಇಂಥದೊಂದು ಸತ್ತಿದೆ. ಸಮಾಧಾನದ ಬೆನ್ನಿಗೇ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದೆ ಇಳಿಯಿತು. ಕೊನೆಗೆ ಉಳಿದದ್ದು ದಣಿವು. ಗೊತ್ತಾದರೆ ಹಗುರವಾಗುತ್ತದೆ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ. ಅಲ್ಲಿಯವರೆಗೆ ಒಂದು ದಿನ ಸರಿಯಾದೀತು ಎಂಬುದಿತ್ತಲ್ಲ, ಅದೂ ಹೋಯಿತು. ಅಮ್ಮನಿಗೆ ಉಗುರು ತೋರಿಸಿ ಹೇಳಿದೆ, ಇಷ್ಟೇ ಇಷ್ಟು ಎಂದು. ಅವಳು ತನ್ನ ಉಗುರನ್ನೂ ನೋಡಿಕೊಂಡು, "ಇಷ್ಟು ಸಣ್ಣದನ್ನು ದೇವರಾದರೂ ಎಲ್ಲಿ ಅಂತ ಹುಡುಕುವುದು, ಪಾಪ" ಎಂದಳು.

ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ಅಮ್ಮ ನನ್ನ ಅಕ್ಕನ ಮಗಳ ಬಾಣಂತನಕ್ಕೆಂದು ಮೂಡುಬಿದಿರೆಯ ಕಡೆ ಹೋದವಳು ಅಲ್ಲಿಯೇ ಉಳಿದಳು. ಅಲ್ಲಿ ಮಗು ಸಣ್ಣದು, ಇಲ್ಲಿಯದು ಶಾಲೆಗೆ ಹೋಗುತ್ತದೆ, ನ್ಯಾಯವಾಗಿಯೇ ಇತ್ತು. ಆದರೆ ಅವಳು ಹೋದದ್ದೇ ಮನೆ ನನ್ನ ದನಿಯ ಮಟ್ಟಕ್ಕೆ ಇಳಿಯಿತು. ಗಂಡ ಹೇಗೂ ಹೆಚ್ಚು ಮಾತಿನವರಲ್ಲ. ಸಂಜೆ ಶಾಲೆಯಿಂದ ಬಂದಾಗ ನನಗೆ ಉಳಿದಿರುತ್ತಿದ್ದ ದನಿ ಅಕ್ಕಿ ತೊಳೆಯುವ ನೀರಿನಷ್ಟು ತೆಳು. ಮಗಳು ಎದುರು ಕೂತು ಹೋಂವರ್ಕ್ ಮಾಡುವಳು. ಏನಾದರೂ ಕೇಳಿದರೆ ಉತ್ತರ ಹೇಳುವಳು. ಆಯ್ತು ಅಮ್ಮ. ಹೌದು ಅಮ್ಮ. ಟೀಚರ್ ಬಂದಿರಲಿಲ್ಲ ಅಮ್ಮ. ಅವಳ ಮಾತೂ ಒಂದೇ ಎತ್ತರದಲ್ಲಿ ನಡೆಯತೊಡಗಿದೆ ಎಂದು ನಾನು ಗಮನಿಸಿದ್ದು ಎಷ್ಟು ತಡವಾಗಿ! ಗಮನಿಸಿದ ಮೇಲೂ ಸುಮ್ಮನಿದ್ದೆ. ಏನು ಮಾಡಬೇಕಿತ್ತು? ಏರಿಸಿ ಮಾತಾಡು ಮಗಾ, ಹೀಗೆ, ಎಂದು ತೋರಿಸಿಕೊಡಲು ನನ್ನಲ್ಲಿ ಏನಿತ್ತು?

ಎರಡನೇ ಕ್ಲಾಸಿನಲ್ಲಿರುವಾಗ ಅವಳ ಕ್ಲಾಸ್ ಟೀಚರ್ ನನ್ನನ್ನು ಬರಹೇಳಿದರು. ಚಿಕ್ಕ ಪ್ರಾಯದವರು, ನನ್ನನ್ನು ಕೂರಿಸಿ ಸಂಕೋಚದಿಂದ ಸೆರಗಿನ ತುದಿ ಮಡಚುತ್ತಾ ಕೇಳಿದರು.

"ತಪ್ಪು ತಿಳ್ಕೊಳ್ಬೇಡಿ ಟೀಚರ್. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ?"

"ಇಲ್ಲವಲ್ಲ. ಯಾಕೆ?"

"ನನ್ನ ಹತ್ತಿರ ಮಾತಾಡುವಾಗ ನಿಮ್ಮ ಮಗಳು ಮುದುಕಿಯ ಹಾಗೆ ಮಾತಾಡ್ತಾಳೆ. ನಿನ್ನೆ ಬಾಯಿಪಾಠದ ಪದ್ಯ ಹೇಳಿಸಿದೆ, ಚಿಟ್ಟೆಯ ಮೇಲಿನ ಪದ್ಯ. ಯಾರೋ ತೀರಿಕೊಂಡ ಸುದ್ದಿ ಹೇಳಿದ ಹಾಗೆ ಹೇಳಿದ್ಲು. ಮಕ್ಕಳೆಲ್ಲ ನಗಾಡಿದ್ರು."

ನನಗೂ ನಗು ಬಂತು, ಮರುಕ್ಷಣ ಕಣ್ಣು ತುಂಬಿತು. ನನ್ನ ಕುತ್ತಿಗೆಯ ಗೆರೆ ತೋರಿಸಿ ಎಲ್ಲ ಹೇಳಿದೆ, ಸ್ನಾಯು, ನರ, ಮಗು ನನ್ನನ್ನು ಕೇಳಿಯೇ ಮಾತು ಕಲಿತದ್ದು. ಅವಳ ಗಂಟಲು ಸರಿಯಿದೆ, ನಾನೇ ಅವಳಿಗೆ ಇದನ್ನು ಅಂಟಿಸಿದ್ದು ಎಂದೆ. ಅವರು ಕೇಳುತ್ತಾ ಕೇಳುತ್ತಾ ಹುಬ್ಬು ಗಂಟಿಕ್ಕಿದರು.

"ಆದರೆ ಟೀಚರ್, ಅವಳು ಎಲ್ಲರ ಹತ್ತಿರ ಹಾಗಲ್ಲವಲ್ಲ" ಎಂದು ಕಿಟಕಿಯ ಕಡೆ ಕೈ ತೋರಿಸಿದರು.

ಆಟದ ಬಿಡುವು. ಅಂಗಳದಲ್ಲಿ ಮಕ್ಕಳು ಕೆಂಪು ಧೂಳೆಬ್ಬಿಸಿ ಓಡುತ್ತಿದ್ದರು. ಆ ಗದ್ದಲದ ಮೇಲೆ ಒಂದು ದನಿ ಎಲ್ಲಕ್ಕಿಂತ ಎತ್ತರದಲ್ಲಿತ್ತು, ಯಾರನ್ನೋ ಹಿಡಿಯಿರಿ ಹಿಡಿಯಿರಿ ಎಂದು ತುಳುವಿನಲ್ಲಿ ಅಬ್ಬರಿಸುತ್ತಿತ್ತು, ನಡುವೆ ಒಡೆದು ಕಿಲಕಿಲನೆ ನಗುತ್ತಿತ್ತು, ಮತ್ತೆ ಏರುತ್ತಿತ್ತು. ಯಾರ ಮಗುವಪ್ಪಾ ಇದು, ಎಷ್ಟು ಗಂಟಲು, ಎಂದು ನಾನು ಟೀಚರಾಗಿಯೇ ಯೋಚಿಸಿದೆ. ಧೂಳಿನಿಂದ ನನ್ನ ಮಗಳು ಹೊರಗೆ ಬಂದಳು. ಅವಳದೇ ದನಿ. ಹೆತ್ತ ನನಗೆ ಅದರ ಗುರುತು ಸಿಕ್ಕಿರಲಿಲ್ಲ.

ಬಿಡುವಿನ ಗಂಟೆ ಹೊಡೆದು ಅವಳು ಒಳಗೆ ಬರುವಾಗ ಬಾಗಿಲಲ್ಲಿ ನನ್ನನ್ನು ಕಂಡಳು. ಓಡುತ್ತಿದ್ದ ಕಾಲು ನಡಿಗೆಗೆ ಬಂತು. "ಅಮ್ಮ, ನೀನು ಬಂದಿ" ಎಂದಳು. ನನ್ನ ದನಿ. ಹೆಚ್ಚಿಲ್ಲ, ಕಡಿಮೆಯಿಲ್ಲ, ನನ್ನದೇ ಮಟ್ಟ.

ಆ ಸಂಜೆ ಮನೆಯಲ್ಲಿ ಅವಳಿಗೆ ಅವಲಕ್ಕಿ ಕಲಸಿ ಕೊಟ್ಟು ಎದುರು ಕೂತೆ. ದಿನವಿಡೀ ಪ್ರದೇಶ ಸಮಾಚಾರ ಓದಿ ನನಗೆ ತಲೆ ಸಿಡಿಯುತ್ತಿತ್ತು, ಮರುದಿನ ಕೇಳೋಣ ಎಂದೂ ಅನಿಸಿತು. ಆದರೆ ಮರುದಿನವೂ ನನಗೆ ಇಷ್ಟೇ ದಣಿವಾಗಿರುತ್ತದೆ.

"ಶಾಲೆಯಲ್ಲಿ ಅಷ್ಟು ಜೋರಾಗಿ ಕೂಗ್ತಿ. ಮನೆಯಲ್ಲಿ ಯಾಕೆ ಇಲ್ಲ?"

ಅವಳು ಅವಲಕ್ಕಿಯಿಂದ ಬೆಲ್ಲದ ಚೂರನ್ನು ಹೆಕ್ಕಿ ಬದಿಗಿಟ್ಟಳು. "ಅಜ್ಜಿ ಹೇಳಿದ್ದಾರೆ" ಎಂದಳು. "ಅಮ್ಮನಿಗೆ ಸ್ವರ ಮೇಲೆ ಹೋಗುದಿಲ್ಲ, ನೀನು ಅವಳೆದುರು ಜೋರು ಮಾಡಬೇಡ, ಅವಳಿಗೆ ಬೇಜಾರಾಗ್ತದೆ. ದೊಡ್ಡ ಹೆಂಗಸರ ಹತ್ತಿರ ಎಲ್ಲ ಮೆಲ್ಲ ಮಾತಾಡು, ಒಳಗೆ ಅವರಿಗೂ ಎಂತ ನೋವು ಉಂಟೋ ನಮಗೆ ಗೊತ್ತಾಗುದಿಲ್ಲ, ಅಂತ."

ನನ್ನ ಅಮ್ಮ! ಹೋಗುವ ಮೊದಲು ಇಷ್ಟನ್ನು ಮಗುವಿನ ಕಿವಿಯಲ್ಲಿ ಹೇಳಿಟ್ಟು ಹೋಗಿದ್ದಳು. ಪ್ರೀತಿಯಿಂದಲೇ. ಇವಳೂ ಪ್ರೀತಿಯಿಂದಲೇ ಅದನ್ನು ಪಾಲಿಸಿದ್ದಳು, ತನ್ನ ಖುಷಿಯನ್ನೆಲ್ಲ ಶಾಲೆಯ ಅಂಗಳದಲ್ಲಿ ಮುಗಿಸಿ, ಖಾಲಿಯಾಗಿ ಮನೆಯೊಳಗೆ ಬಂದು. ನಾನು ಅವಳಿಗಾಗಿ ಹೆದರಿಕೊಂಡು ಕೂತಿದ್ದಷ್ಟೂ ಕಾಲ ಅವಳು ನನ್ನನ್ನು ನೋಡಿಕೊಂಡಿದ್ದಳು. ಅಷ್ಟು ವರ್ಷ ಕೇಳಲು ಧೈರ್ಯವಾಗದ ಮಾತನ್ನು ಕೇಳಿಯೇಬಿಟ್ಟೆ.

"ನಾನು ಹೀಗೆ ಮಾತಾಡಿದ್ರೆ ನನಗೆ ಯಾವಾಗಲೂ ಸಿಟ್ಟು ಅಂತ ಅನಿಸ್ತದಾ ನಿನಗೆ? ನಿನ್ನನ್ನು ಕಂಡ್ರೆ ಖುಷಿ ಇಲ್ಲ ಅಂತ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು, ಸುಲಭದ ಲೆಕ್ಕ ಬಾರದವರನ್ನು ನೋಡುವ ಹಾಗೆ.

"ಸಿಟ್ಟು ಬಂದ್ರೆ ನೀನು ಪಾತ್ರೆ ಕುಕ್ಕುತ್ತಿ" ಎಂದಳು. "ಖುಷಿ ಆದ್ರೆ ನನ್ನ ಜಡೆ ಬಿಚ್ಚಿ ಪುನಃ ಹಾಕ್ತಿ. ಸರಿ ಇದ್ದರೂ ಬಿಚ್ಚುತ್ತಿ."

ಹಾಗೆ ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಮನೆಯಲ್ಲಿ ಎಷ್ಟು ಜೋರು ಬೇಕಾದರೂ ಮಾತಾಡು, ನನಗೆ ಬೇಜಾರಿಲ್ಲ ಎಂದೆ. ಅದು ಎಂದಿನಂತೆ ಆಜ್ಞೆಯ ಹಾಗೆ ಕೇಳಿತು. ಅವಳು ನನ್ನ ಮುಖವನ್ನು ಒಮ್ಮೆ ಓದಿ, ಆಟದಲ್ಲಿ ತನ್ನನ್ನು ಮೋಸದಿಂದ ಔಟ್ ಮಾಡಿದ ಕತೆಯನ್ನು ಶುರು ಮಾಡಿದಳು, ಮೊದಲು ಮೆಲ್ಲಗೆ, ಆಮೇಲೆ ಪಕ್ಕದ ಮನೆಯವರು ಇಣುಕಿ ನೋಡುವಷ್ಟು ಎತ್ತರದಲ್ಲಿ. ನನ್ನ ತಲೆನೋವು ನೆತ್ತಿಗೇರಿತು. ಬಾಚಣಿಗೆ ತರಲು ಎದ್ದೆ. ಕತೆ ನಿಲ್ಲಿಸದೆಯೇ ಅವಳು ಬೆನ್ನು ತಿರುಗಿಸಿ ಕೂತಳು.